ಕಣಜದಲ್ಲಿ ಜಾಗವಿದೆಯೇ? ಮಧುಮೇಹಕ್ಕೆ ಪಿಷ್ಟ ಇಳಿಸಿದ ಊಟವೂ ಮೈಯ ದುಡಿಮೆಯೂ ಜೊತೆಯಾಗಿ ಬೇಕಾಗುವುದೇಕೆ

ವಯಸ್ಕರೊಬ್ಬರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಹರಿಯುತ್ತಿರುತ್ತದೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಪರೀಕ್ಷೆ ಮಾಡಿಸಿದಾಗ ವರದಿಯಲ್ಲಿ 100 ಎಂದು ಬಂದರೆ, ಪ್ರತಿ ಡೆಸಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂ ಗ್ಲೂಕೋಸ್ ಇದೆ ಎಂದರ್ಥ. ಐದು ಲೀಟರಿಗೆ ಲೆಕ್ಕ ಹಾಕಿದರೆ ಒಟ್ಟು ಐದು ಗ್ರಾಂ, ಒಂದು ಟೀ ಚಮಚ ಸಕ್ಕರೆಯಷ್ಟು. ಇಡೀ ಮೈಯ ರಕ್ತದಲ್ಲಿ ಇರುವುದು ಇಷ್ಟೇ. ಬರಿಹೊಟ್ಟೆಯ ಅಂಕಿ 126 ಮುಟ್ಟಿ, ಮತ್ತೊಂದು ಪರೀಕ್ಷೆಯೂ ಅದನ್ನೇ ಹೇಳಿದರೆ ವೈದ್ಯರು ಮಧುಮೇಹ ಎನ್ನುತ್ತಾರೆ. ಆಗ ಆ ಐದು ಗ್ರಾಂ ಆರೂಕಾಲು ಗ್ರಾಂ ಆಗಿರುತ್ತದೆ. ಆರೋಗ್ಯಕ್ಕೂ ಕಾಯಿಲೆಗೂ ನಡುವೆ ಇರುವುದು ಒಂದು ಚಿಟಿಕೆಯ ಅಂತರ.

ಈಗ ಮಧ್ಯಾಹ್ನದ ಊಟಕ್ಕೆ ಬರೋಣ. ನೂರು ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಶರ್ಕರಪಿಷ್ಟ, ಅಂದರೆ ಕಾರ್ಬೋಹೈಡ್ರೇಟ್ ಇರುತ್ತದೆ. ನಮ್ಮ ಮನೆಗಳಲ್ಲಿ ಸಾರಿಗೊಮ್ಮೆ, ಮೊಸರಿಗೊಮ್ಮೆ ಬಡಿಸಿಕೊಳ್ಳುವಾಗ 250 ಗ್ರಾಂ ಅನ್ನ ತಟ್ಟೆಗೆ ಬೀಳುವುದು ಸಾಮಾನ್ಯ. ಅಷ್ಟರಲ್ಲಿ 70 ಗ್ರಾಂ ಪಿಷ್ಟವಾಯಿತು. ಅದೆಲ್ಲ ಒಂದೆರಡು ಗಂಟೆಗಳಲ್ಲಿ ಗ್ಲೂಕೋಸಾಗಿ ಒಡೆದು ರಕ್ತಕ್ಕೆ ಇಳಿಯುತ್ತದೆ. ಐದು ಗ್ರಾಂ ಇರಬೇಕಾದ ಜಾಗಕ್ಕೆ ಎಪ್ಪತ್ತು ಗ್ರಾಂ ಬರುತ್ತದೆ. ಆದರೂ ಆರೋಗ್ಯವಂತರಲ್ಲಿ ಎರಡು ಗಂಟೆಯ ನಂತರದ ಅಂಕಿ 140 ದಾಟುವುದಿಲ್ಲ.

ಹಾಗಾದರೆ ಉಳಿದದ್ದು ಎಲ್ಲಿಗೆ ಹೋಯಿತು? ಮಧುಮೇಹದ ಬಗ್ಗೆ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದು. ಶುಗರ್ ಎಷ್ಟಿದೆ ಎಂದು ಎಲ್ಲರೂ ಕೇಳುತ್ತಾರೆ. ಬಂದ ಸಕ್ಕರೆಯನ್ನು ಮೈ ಎಲ್ಲಿ ಇಡುತ್ತದೆ ಎಂದು ಕೇಳುವವರು ಕಡಿಮೆ. ಅದು ತಿಳಿದರೆ ಊಟ ಮತ್ತು ವ್ಯಾಯಾಮ ಒಂದಕ್ಕೊಂದು ಏಕೆ ಬೇಕು ಎಂಬುದು ಯಾರೂ ಹೇಳಿಕೊಡದೆಯೇ ಹೊಳೆಯುತ್ತದೆ.

ಮೈಯೊಳಗಿನ ಹಗೇವು

ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಜೋಳ ತುಂಬಿಡಲು ನೆಲದೊಳಗೆ ಹಗೇವು ಇರುತ್ತಿತ್ತು. ದಕ್ಷಿಣದ ಮನೆಗಳಲ್ಲಿ ಕಣಜ. ಸುಗ್ಗಿಯಲ್ಲಿ ಬಂದ ಕಾಳನ್ನು ಅಂಗಳದಲ್ಲಿ ಬಿಡುವಂತಿರಲಿಲ್ಲ. ಗ್ಲೂಕೋಸನ್ನೂ ರಕ್ತದಲ್ಲಿ ಬಿಡುವಂತಿಲ್ಲ. ಮೈ ಅದನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕಟ್ಟಿಡುತ್ತದೆ. ಯಕೃತ್ತಿನಲ್ಲಿ ಸುಮಾರು ನೂರು ಗ್ರಾಂ ಹಿಡಿಸುತ್ತದೆ, ಸ್ನಾಯುಗಳಲ್ಲಿ ಸುಮಾರು ನಾನೂರು ಗ್ರಾಂ. ಎರಡರಲ್ಲಿ ದೊಡ್ಡ ಕಣಜ ಸ್ನಾಯುಗಳದ್ದು. ತೊಡೆ, ಪೃಷ್ಠ, ಬೆನ್ನು, ಮೀನಖಂಡಗಳಲ್ಲಿ ಅದರ ಬಹುಪಾಲು ಇದೆ.

ಈ ಕಣಜದ ಬಾಗಿಲು ತೆರೆಸುವುದು ಮೇದೋಜೀರಕ ಗ್ರಂಥಿ ಸ್ರವಿಸುವ ಇನ್ಸುಲಿನ್. ಸ್ನಾಯುಕೋಶದ ಒಳಗೆ ಗ್ಲುಟ್-4 ಎಂಬ ಸಾಗಣೆಯ ಪ್ರೋಟೀನುಗಳು ಮಡಚಿ ಇಟ್ಟಂತೆ ಇರುತ್ತವೆ. ಇನ್ಸುಲಿನ್ ಹೊರಗಿನಿಂದ ಸೂಚನೆ ಕೊಟ್ಟಾಗ ಅವು ಕೋಶದ ಅಂಚಿಗೆ ಬಂದು ಗ್ಲೂಕೋಸನ್ನು ಒಳಕ್ಕೆ ಎಳೆದುಕೊಳ್ಳುತ್ತವೆ.

ಎರಡನೇ ಬಗೆಯ ಮಧುಮೇಹದಲ್ಲಿ, ಅಂದರೆ ನಮ್ಮಲ್ಲಿ ಬಹುಪಾಲು ಜನರಿಗೆ ಇರುವ ಮಧುಮೇಹದಲ್ಲಿ, ಈ ಸೂಚನೆ ಮಂಕಾಗಿರುತ್ತದೆ. ವರ್ಷಗಟ್ಟಲೆ ಕಣಜ ತುಂಬಿಯೇ ಇದೆ, ಖಾಲಿ ಮಾಡುವ ದುಡಿಮೆ ಇಲ್ಲ, ಸ್ನಾಯುವಿನ ಒಳಗೂ ಯಕೃತ್ತಿನ ಒಳಗೂ ಕೊಬ್ಬು ಸೇರಿಕೊಂಡಿದೆ. ಇನ್ಸುಲಿನ್ ಬಾಗಿಲು ತಟ್ಟಿದರೂ ಒಳಗಿನಿಂದ ಸರಿಯಾದ ಉತ್ತರವಿಲ್ಲ. ಇದೇ ಇನ್ಸುಲಿನ್ ಪ್ರತಿರೋಧ. ಮೇದೋಜೀರಕ ಗ್ರಂಥಿ ಇನ್ನೂ ಹೆಚ್ಚು ಇನ್ಸುಲಿನ್ ಸುರಿಸುತ್ತದೆ, ಕೆಲವು ವರ್ಷ ಹಾಗೆಯೇ ನಿಭಾಯಿಸುತ್ತದೆ, ಕೊನೆಗೆ ದಣಿಯುತ್ತದೆ. ರಕ್ತದಲ್ಲಿ ಸಕ್ಕರೆ ಏರುವುದು ಆಗ. ನಾವು ಕಾಯಿಲೆ ಶುರುವಾಯಿತು ಎಂದುಕೊಳ್ಳುವ ದಿನದ ಹಿಂದೆ ಹೀಗೆ ಎಷ್ಟೋ ವರ್ಷಗಳು ಕಳೆದಿರುತ್ತವೆ.

ಯಕೃತ್ತಿನದು ಇನ್ನೊಂದು ತೊಂದರೆ. ರಾತ್ರಿ ನಾವು ಉಣ್ಣದೆ ಮಲಗಿರುವಾಗ ಮಿದುಳಿಗೆ ಬೇಕಾದ ಗ್ಲೂಕೋಸನ್ನು ಯಕೃತ್ತು ತನ್ನ ದಾಸ್ತಾನಿನಿಂದ ಬಿಡುಗಡೆ ಮಾಡುತ್ತದೆ, ಹೊಸದಾಗಿಯೂ ತಯಾರಿಸುತ್ತದೆ. ಸಾಕು ನಿಲ್ಲಿಸು ಎಂದು ಹೇಳಬೇಕಾದದ್ದೂ ಇನ್ಸುಲಿನ್ನೇ. ಆ ಮಾತು ಕೇಳಿಸದ ಯಕೃತ್ತು ನಸುಕಿನವರೆಗೂ ಸಕ್ಕರೆ ಸುರಿಯುತ್ತಲೇ ಇರುತ್ತದೆ. ರಾತ್ರಿ ಏನೂ ತಿನ್ನದಿದ್ದರೂ ಬೆಳಗಿನ ಶುಗರ್ ಏಕೆ ಹೆಚ್ಚು ಎಂದು ಕಂಗೆಡುವವರಿಗೆ ಉತ್ತರ ಇಲ್ಲಿದೆ. ಅದು ನೀವು ಪಥ್ಯ ಮುರಿದ ಗುರುತಲ್ಲ.

ಕೀಲಿಯಿಲ್ಲದ ಬಾಗಿಲು

ಇನ್ಸುಲಿನ್ನಿನ ಮಾತು ಕೇಳದ ಸ್ನಾಯು ಕೆಲಸದ ಮಾತು ಕೇಳುತ್ತದೆ. ಸ್ನಾಯು ಸಂಕುಚಿಸಿದಾಗ, ಒಳಗಿನ ಶಕ್ತಿ ಖರ್ಚಾಗತೊಡಗಿದಾಗ, ಅದೇ ಗ್ಲುಟ್-4 ಪ್ರೋಟೀನುಗಳು ಇನ್ಸುಲಿನ್ನಿನ ಸೂಚನೆಗೆ ಕಾಯದೆ ಅಂಚಿಗೆ ಬರುತ್ತವೆ. ದಾರಿಯೇ ಬೇರೆ. ಇನ್ಸುಲಿನ್ ಪ್ರತಿರೋಧ ಇರುವವರಲ್ಲೂ ಈ ದಾರಿ ಮುಚ್ಚಿರುವುದಿಲ್ಲ. ಮಧುಮೇಹದ ಶರೀರಶಾಸ್ತ್ರದಲ್ಲಿ ನನಗೆ ಅತ್ಯಂತ ಆಶಾದಾಯಕವಾಗಿ ಕಂಡ ಸಂಗತಿ ಇದು. ಇಪ್ಪತ್ತು ವರ್ಷಗಳಿಂದ ಶುಗರ್ ಇರುವವರು ಎದ್ದು ನಡೆದರೂ ಅವರ ತೊಡೆಯ ಸ್ನಾಯು ಆ ಕ್ಷಣದಲ್ಲಿ ರಕ್ತದಿಂದ ಗ್ಲೂಕೋಸನ್ನು ಹೀರಿಕೊಳ್ಳುತ್ತದೆ.

ನಡಿಗೆ ನಿಂತ ಮೇಲೂ ಲಾಭ ಉಳಿಯುತ್ತದೆ. ಖರ್ಚಾದ ಗ್ಲೈಕೋಜನನ್ನು ಮರಳಿ ತುಂಬಿಕೊಳ್ಳಬೇಕೆಂಬ ಹಸಿವು ಸ್ನಾಯುವಿಗೆ ಇರುವವರೆಗೆ, ಸಾಮಾನ್ಯವಾಗಿ ಒಂದೆರಡು ದಿನ, ಅದು ಇನ್ಸುಲಿನ್ನಿಗೂ ಹೆಚ್ಚು ಸ್ಪಂದಿಸುತ್ತದೆ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ, ಸತತ ಎರಡು ದಿನ ಬಿಡಬೇಡಿ ಎಂದು ವೈದ್ಯರು ಹೇಳುವುದು ಈ ಕಾರಣಕ್ಕೆ. ಭಾನುವಾರ ಒಂದೇ ದಿನ ಎರಡೂವರೆ ಗಂಟೆ ನಡೆದು ಮುಗಿಸಿದರೆ ನಿಮಿಷಗಳ ಲೆಕ್ಕ ಸರಿಹೋಗುತ್ತದೆ, ಆದರೆ ಬುಧವಾರದ ಹೊತ್ತಿಗೆ ಸ್ನಾಯುವಿನ ಹಸಿವು ಇಂಗಿರುತ್ತದೆ.

ಒಂದೇ ಸಾಲದು ಏಕೆ

ಹಾಗಾದರೆ ನಡೆದರೆ ಸಾಕಲ್ಲವೇ? ಬೆಳಗ್ಗೆ ಉದ್ಯಾನದಲ್ಲಿ ಅರ್ಧ ಗಂಟೆ ಬಿರುಸಾಗಿ ನಡೆಯುವ, 65 ಕಿಲೋ ತೂಕದ ಒಬ್ಬರನ್ನು ಯೋಚಿಸಿ. ಅವರು ಖರ್ಚು ಮಾಡುವುದು ಅಂದಾಜು 130 ಕಿಲೋಕ್ಯಾಲರಿ. ಅದರಲ್ಲೂ ದೊಡ್ಡ ಪಾಲು ಕೊಬ್ಬಿನಿಂದ ಬರುತ್ತದೆ. ಗ್ಲೂಕೋಸಿನ ಲೆಕ್ಕದಲ್ಲಿ ಹದಿನೈದು ಇಪ್ಪತ್ತು ಗ್ರಾಂ ಖಾಲಿಯಾಗಿರಬಹುದು. ನಡಿಗೆ ಮುಗಿಸಿ ಗೆಳೆಯರೊಂದಿಗೆ ದರ್ಶಿನಿಯಲ್ಲಿ ಮೂರು ಇಡ್ಲಿ ತಿಂದು, ಸಕ್ಕರೆ ಹಾಕಿದ ಕಾಫಿ ಕುಡಿದರೆ ಖಾಲಿಯಾದದ್ದು ತುಂಬಿ, ಮೇಲೆ ಇನ್ನಷ್ಟು ಸೇರುತ್ತದೆ. ವರ್ಷಗಟ್ಟಲೆ ಶಿಸ್ತಿನಿಂದ ನಡೆದೂ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, ಇಳಿಯದೆ ನೊಂದುಕೊಳ್ಳುವವರ ಶ್ರಮ ಸುಳ್ಳಲ್ಲ. ಕಣಜದ ಒಂದು ಬದಿಯಲ್ಲಿ ಅವರು ತೆಗೆಯುತ್ತಿದ್ದರೆ ಇನ್ನೊಂದು ಬದಿಯಲ್ಲಿ ಅದಕ್ಕಿಂತ ವೇಗವಾಗಿ ತುಂಬುತ್ತಿದೆ.

ಊಟದಲ್ಲಿ ಪಿಷ್ಟ ಇಳಿಸಿ, ಮೈ ಅಲ್ಲಾಡಿಸದೆ ಕುಳಿತರೆ? ಮೊದಲ ವಾರದಲ್ಲೇ ಊಟದ ನಂತರದ ಶುಗರ್ ಇಳಿಯುವುದು ಕಾಣುತ್ತದೆ. ಊಟದ ನಂತರದ ಅಂಕಿಯನ್ನು ಇಷ್ಟು ಬೇಗ ತಗ್ಗಿಸುವ ಉಪಾಯಗಳು ಕಡಿಮೆ. ಅಮೆರಿಕದ ಮಧುಮೇಹ ಸಂಘದ ತಜ್ಞರು 2019ರಲ್ಲಿ ಹೊರತಂದ ವರದಿಯೂ ರಕ್ತದ ಸಕ್ಕರೆ ಸುಧಾರಿಸಲು ಒಟ್ಟು ಪಿಷ್ಟ ತಗ್ಗಿಸುವುದಕ್ಕೇ ಹೆಚ್ಚಿನ ಪುರಾವೆಯಿದೆ ಎಂದಿತು. ಆದರೆ ತೂಕ ಇಳಿಯುವಾಗ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ವ್ಯಾಯಾಮವಿಲ್ಲದೆ, ಸಾಕಷ್ಟು ಪ್ರೋಟೀನ್ ಇಲ್ಲದೆ ಸೊರಗಿದ ಮೈಯಲ್ಲಿ ಕಣಜವೇ ಕಿರಿದಾಗಿರುತ್ತದೆ. ಇನ್ನೊಂದು ವಿಚಾರವೂ ಇದೆ: ತಿಂಗಳುಗಟ್ಟಲೆ ಅತಿ ಕಡಿಮೆ ಪಿಷ್ಟ ತಿಂದ ಮೈ ಕೊಬ್ಬನ್ನೇ ಉರಿಸುವ ರೂಢಿಗೆ ಬೀಳುತ್ತದೆ. ಒಂದು ದಿನ ಹಬ್ಬದ ಊಟ ಮಾಡಿದಾಗ ಶುಗರ್ ಹಿಂದಿಗಿಂತ ಎತ್ತರಕ್ಕೆ ಜಿಗಿಯುವುದು ಇದರಿಂದಲೇ.

ಬಿಗಿಯಾದ ಪಥ್ಯ ಬಹುಕಾಲ ನಿಲ್ಲುವುದಿಲ್ಲ ಎಂಬುದು ಅಷ್ಟೇ ದೊಡ್ಡ ತೊಡಕು. ಕಡಿಮೆ ಪಿಷ್ಟದ ಊಟದ ಬಗ್ಗೆ ನಡೆದ 23 ಪ್ರಯೋಗಗಳನ್ನು ಒಟ್ಟುಗೂಡಿಸಿ 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಆರು ತಿಂಗಳ ಹೊತ್ತಿಗೆ ಫಲ ಸ್ಪಷ್ಟವಾಗಿತ್ತು. ವರ್ಷ ತುಂಬುವಾಗ ಅದು ಬಹುಮಟ್ಟಿಗೆ ಕರಗಿತ್ತು. ವ್ಯಾಯಾಮ ಜೊತೆಗಿದ್ದರೆ ಪಥ್ಯ ಅಷ್ಟು ಬಿಗಿಯಾಗಿರಬೇಕಿಲ್ಲ ಎಂಬುದನ್ನು ನಾನು ಅದರ ಮುಖ್ಯ ಉಪಕಾರ ಎಂದುಕೊಳ್ಳುತ್ತೇನೆ. ದುಡಿದು ಖಾಲಿಯಾದ ಸ್ನಾಯುವಿಗೆ ಒಂದು ಹಿಡಿ ಅನ್ನ ಭಾರವಲ್ಲ.

ಈ ಜೋಡಿ ಹೊಸದೂ ಅಲ್ಲ. ಸ್ಕಾಟ್ಲೆಂಡಿನ ಸೇನಾ ವೈದ್ಯ ಜಾನ್ ರೋಲೊ 1797ರಲ್ಲೇ ಮಧುಮೇಹಿಗಳಿಗೆ ಧಾನ್ಯ ಬಿಡಿಸಿ ಮಾಂಸಾಹಾರದ ಪಥ್ಯ ಹೇಳಿದ್ದ. 1922ರ ಜನವರಿಯಲ್ಲಿ ಟೊರಾಂಟೊದ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುವವರೆಗೆ ಪಿಷ್ಟದ ಕಡಿತವಲ್ಲದೆ ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಇನ್ಸುಲಿನ್ ಬಂದ ಮೇಲೂ ಬಾಸ್ಟನ್ನಿನ ವೈದ್ಯ ಎಲಿಯಟ್ ಜೋಸ್ಲಿನ್ ಈ ಚಿಕಿತ್ಸೆಯನ್ನು ಮೂರು ಕುದುರೆಗಳ ರಥಕ್ಕೆ ಹೋಲಿಸುತ್ತಿದ್ದರು: ಪಥ್ಯ, ಇನ್ಸುಲಿನ್, ವ್ಯಾಯಾಮ.

ನಮ್ಮ ಕಣಜ ಚಿಕ್ಕದು

ಪುಣೆಯ ವೈದ್ಯ ವಿಜ್ಞಾನಿ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಚಿತ್ರ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಬಿಎಂಐ, ಇಬ್ಬರದೂ 22.3. ತಕ್ಕಡಿಯ ಪ್ರಕಾರ ಇಬ್ಬರೂ ತೆಳ್ಳಗಿನವರೇ. ಆದರೆ ದೇಹದ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರಲ್ಲಿ ಶೇಕಡಾ 9.1, ಯಾಜ್ಞಿಕ್ ಅವರಲ್ಲಿ ಶೇಕಡಾ 21.2 ಇತ್ತು. ತೆಳ್ಳಗೆ ಕಾಣುವ ಭಾರತೀಯ ಮೈಯಲ್ಲಿ ಸ್ನಾಯು ಕಡಿಮೆ, ಹೊಟ್ಟೆಯ ಸುತ್ತಲಿನ ಕೊಬ್ಬು ಹೆಚ್ಚು ಎಂಬುದನ್ನು ಆ ಒಂದು ಪುಟ ಎಲ್ಲರಿಗೂ ಅರ್ಥವಾಗುವಂತೆ ತೋರಿಸಿತು.

ನಾನು ದಪ್ಪಗಿಲ್ಲ, ನನಗೇಕೆ ಶುಗರ್ ಎಂದು ಕೇಳುವವರಿಗೆ ಇದು ಉತ್ತರ. ಕಾಳು ತುಂಬುವ ಕಣಜವೇ ನಮ್ಮಲ್ಲಿ ಚಿಕ್ಕದು. ಅದಕ್ಕೆ ನಾವು ಸುರಿಯುವುದೂ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ನಮ್ಮ ದಿನದ ಶಕ್ತಿಯ ಸುಮಾರು ಶೇಕಡಾ 62 ಭಾಗ ಪಿಷ್ಟದಿಂದಲೇ ಬರುತ್ತದೆ. ಎರಡು ಸಾವಿರ ಕಿಲೋಕ್ಯಾಲರಿಯ ಊಟಕ್ಕೆ ಅದು 310 ಗ್ರಾಂ. ಅದೇ ಸಮೀಕ್ಷೆ 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು ಹತ್ತು ಕೋಟಿಗೂ ಹೆಚ್ಚು ಎಂದು ಅಂದಾಜಿಸಿತು.

ಆದ್ದರಿಂದ ನಮಗೆ ಬೇಕಾದ ವ್ಯಾಯಾಮ ನಡಿಗೆ ಮಾತ್ರವಲ್ಲ. ಸ್ನಾಯು ಬೆಳೆಸುವ ದುಡಿಮೆ ವಾರಕ್ಕೆ ಎರಡು ಮೂರು ಸಲ ಬೇಕು. ನಡಿಗೆ ಕಣಜವನ್ನು ಬರಿದು ಮಾಡಿದರೆ ಬಸ್ಕಿ ಅದನ್ನು ಹಿಗ್ಗಿಸುತ್ತದೆ. ಗರಡಿಮನೆಯ ದಂಡ ಬಸ್ಕಿಗಳನ್ನು ನಾವು ಮರೆತಿದ್ದೇವೆ, ಒರಳು ಬೀಸುಕಲ್ಲುಗಳೂ ಮೂಲೆ ಸೇರಿವೆ. ಅವು ಮಾಡಿಸುತ್ತಿದ್ದ ಕೆಲಸವನ್ನು ಈಗ ನಾವಾಗಿಯೇ ಮೈಗೆ ಕೊಡಬೇಕು. ಅರುವತ್ತು ದಾಟಿದವರು ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕುಳಿತರೂ ತೊಡೆಗೆ ಅದು ಒಳ್ಳೆಯ ಕೆಲಸ. ಗೋಡೆಗೆ ಅಂಗೈ ಕೊಟ್ಟು ಮೈಯನ್ನು ಹಿಂದಕ್ಕೂ ಮುಂದಕ್ಕೂ ತಳ್ಳುವುದು, ಹಿಮ್ಮಡಿ ಎತ್ತಿ ಇಳಿಸುವುದು, ಎರಡು ಕೈಯಲ್ಲಿ ನೀರು ತುಂಬಿದ ಬಾಟಲಿ ಹಿಡಿದು ಎತ್ತುವುದು ಇವಕ್ಕೆ ಜಿಮ್ ಬೇಕಿಲ್ಲ. ಉಸಿರು ಬಿಗಿಹಿಡಿಯದೆ ಮಾಡಬೇಕು ಅಷ್ಟೇ.

ಸಿರಿಧಾನ್ಯವೂ ಧಾನ್ಯವೇ

ಶುಗರ್ ಬಂತೆಂದ ಕೂಡಲೇ ನಮ್ಮ ಮನೆಗಳಲ್ಲಿ ನಡೆಯುವ ಮೊದಲ ಬದಲಾವಣೆ ಅನ್ನ ಬಿಟ್ಟು ಮುದ್ದೆಗೆ, ಚಪಾತಿಗೆ, ಇಲ್ಲವೇ ನವಣೆ ಸಾಮೆಗಳಿಗೆ ಹೊರಳುವುದು. ರಾಗಿಯ ಮೇಲೆ ನನಗೆ ಅಪಾರ ಪ್ರೀತಿಯಿದೆ. ಹಾಗಾಗಿಯೇ ಈ ಮಾತನ್ನು ಬಿಡಿಸಿ ಹೇಳಬೇಕು. ನೂರು ಗ್ರಾಂ ಅಕ್ಕಿಯಲ್ಲಿ 78 ಗ್ರಾಂ ಪಿಷ್ಟ ಇದ್ದರೆ, ರಾಗಿಯಲ್ಲಿ ಸುಮಾರು 67 ಗ್ರಾಂ, ಜೋಳದಲ್ಲೂ ಹೆಚ್ಚುಕಡಿಮೆ ಅಷ್ಟೇ, ಗೋಧಿಹಿಟ್ಟಿನಲ್ಲಿ 64. ರಾಗಿ ಮತ್ತು ಜೋಳಗಳ ಹೆಚ್ಚುಗಾರಿಕೆ ಹತ್ತು ಹನ್ನೊಂದು ಗ್ರಾಂ ನಾರು. ಅಕ್ಕಿಯಲ್ಲಿ ಅದು ಮೂರು ಗ್ರಾಂ ಕೂಡ ಇಲ್ಲ. ರಾಗಿಯಲ್ಲಿ ಸುಣ್ಣದ ಅಂಶ ಬೇರೆ ಧಾನ್ಯಗಳಿಗಿಂತ ಬಹಳ ಹೆಚ್ಚು. ಇವೆಲ್ಲ ಒಳ್ಳೆಯ ಗುಣಗಳೇ. ಆದರೆ ನೂರು ಗ್ರಾಂ ಹಿಟ್ಟಿನ ಮುದ್ದೆಯೊಂದನ್ನು ನುಂಗಿದಾಗ ಒಳಗೆ ಹೋಗುವುದು 67 ಗ್ರಾಂ ಪಿಷ್ಟ. ಮೊದಲು ಹೇಳಿದ 250 ಗ್ರಾಂ ಅನ್ನಕ್ಕೂ ಇದಕ್ಕೂ ಮೊತ್ತದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ಮಂಡಳಿಯ ಸಮೀಕ್ಷೆಯ ಆಹಾರದ ಅಂಕಿಅಂಶಗಳು 2025ರಲ್ಲಿ ಪ್ರಕಟವಾದಾಗ ಇದೇ ಸಂಗತಿ ಹೊರಬಿತ್ತು. ಒಟ್ಟು ಪಿಷ್ಟ ಇಳಿಸದೆ ಅಕ್ಕಿಯ ಜಾಗಕ್ಕೆ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ತಂದರೆ ಮಧುಮೇಹದ ಅಪಾಯ ಇಳಿಯುವುದು ಕಾಣಲಿಲ್ಲ. ಪಿಷ್ಟದ ಒಂದು ಸಣ್ಣ ಪಾಲಿನ ಬದಲು ಬೇಳೆಕಾಳು, ಹಾಲು ಮೊಸರು, ಮೊಟ್ಟೆ, ಮೀನುಗಳ ಪ್ರೋಟೀನ್ ಬಂದರೆ ಅಪಾಯ ಕಡಿಮೆಯಿತ್ತು. ಬೆಲ್ಲದ ಕಾಫಿ, ಜೇನು ಬೆರೆಸಿದ ಬಿಸಿನೀರುಗಳಿಗೂ ಇದೇ ಮಾತು ಸಲ್ಲುತ್ತದೆ: ರಕ್ತಕ್ಕೆ ಇಳಿದ ಮೇಲೆ ಬೆಲ್ಲವೂ ಸಕ್ಕರೆಯೇ.

ಎಷ್ಟು ಇಳಿಸಬೇಕು? ದಿನಕ್ಕೆ 130 ಗ್ರಾಂಗಿಂತ ಕಡಿಮೆ ಇದ್ದರೆ ಕಡಿಮೆ ಪಿಷ್ಟದ ಊಟ ಎನ್ನುವುದು ರೂಢಿ. 20ರಿಂದ 50 ಗ್ರಾಂನ ಕೀಟೋ ಪಥ್ಯ ಇನ್ನೂ ಕಠಿಣ. ಮೇಲೆ ಹೇಳಿದ ಸಮೀಕ್ಷೆಯನ್ನೇ ಆಧರಿಸಿ 2022ರಲ್ಲಿ ಹಾಕಿದ ಲೆಕ್ಕಾಚಾರ, ಮಧುಮೇಹಿಗಳು ಪಿಷ್ಟವನ್ನು ದಿನದ ಶಕ್ತಿಯ ಶೇಕಡಾ 49-54ರ ಮಟ್ಟಕ್ಕೆ ಇಳಿಸಿ ಪ್ರೋಟೀನನ್ನು ಶೇಕಡಾ 20ರ ಹತ್ತಿರಕ್ಕೆ ಏರಿಸಿದರೂ ಒಳ್ಳೆಯ ಫಲ ನಿರೀಕ್ಷಿಸಬಹುದು ಎಂದಿತು. ನನ್ನ ಅಭಿಪ್ರಾಯ ಕೀಟೋದ ಪರವಾಗಿಲ್ಲ. ಮುನ್ನೂರು ಗ್ರಾಂ ತಿನ್ನುತ್ತಿದ್ದವರು ನೂರೈವತ್ತರ ಸುತ್ತಮುತ್ತ ಬಂದು, ದಿನವೂ ದುಡಿದು, ಐದು ವರ್ಷ ಅಲ್ಲಿಯೇ ನಿಲ್ಲುವುದು ಮೂರು ತಿಂಗಳ ಕೀಟೋಗಿಂತ ಮೇಲು.

ಅದಕ್ಕೆ ತಟ್ಟೆಯನ್ನು ಮಗುಚಬೇಕು. ಈಗ ನಮ್ಮ ತಟ್ಟೆಯ ನಡುವೆ ಅನ್ನ ಅಥವಾ ಮುದ್ದೆ ಕುಳಿತಿರುತ್ತದೆ, ಪಲ್ಯ ಅಂಚಿನಲ್ಲಿರುತ್ತದೆ. ಮಧ್ಯದಲ್ಲಿ ಸೊಪ್ಪು ತರಕಾರಿ, ಕಾಳು ಬರಲಿ. ಧಾನ್ಯ ಅಂಚಿಗೆ ಸರಿಯಲಿ. ಹಳೆ ಮೈಸೂರಿನ ಬಸ್ಸಾರಿನಲ್ಲಿ ಬಸಿದ ಸೊಪ್ಪು ಕಾಳುಗಳ ಪಲ್ಯ ಒಂದು ಬಟ್ಟಲು ತುಂಬ ಇರಲಿ, ಮುದ್ದೆ ನಿಂಬೆಹಣ್ಣಿಗಿಂತ ತುಸು ದೊಡ್ಡದಿದ್ದರೆ ಸಾಕು. ಮೊಳಕೆ ಹುರುಳಿ, ಅವರೆಕಾಳು, ಹೆಸರುಬೇಳೆಯ ಕೋಸಂಬರಿ, ಗಟ್ಟಿ ಮೊಸರು, ಮೊಟ್ಟೆ ಹೊಟ್ಟೆ ತುಂಬಿಸುತ್ತವೆ. ಬೇಳೆಯಲ್ಲೂ ಪಿಷ್ಟವಿದೆ, ನೂರು ಗ್ರಾಂ ಒಣ ತೊಗರಿಬೇಳೆಯಲ್ಲಿ 55 ಗ್ರಾಂನಷ್ಟು. ಆದರೆ ಅದರೊಂದಿಗೆ ಇಪ್ಪತ್ತು ಗ್ರಾಂ ಮೀರಿದ ಪ್ರೋಟೀನೂ ಒಳ್ಳೆಯ ನಾರೂ ಬರುತ್ತವೆ, ಹಾಗಾಗಿ ಅದು ನಿಧಾನವಾಗಿ ಇಳಿಯುತ್ತದೆ. ಕರಾವಳಿಯವರಿಗೆ ಮೀನು ಇದೆ. ಕುಚ್ಚಲಕ್ಕಿಯನ್ನು ಅರ್ಧಕ್ಕೆ ಇಳಿಸಿದರೆ ಕೆಲಸ ಮುಗಿಯಿತು.

ಈ ವಿಷಯದಲ್ಲಿ ಉತ್ತರ ಕರ್ನಾಟಕದ ಊಟವನ್ನು ನಾನು ಮನಸಾರೆ ಹೊಗಳುತ್ತೇನೆ. ಜೋಳದ ರೊಟ್ಟಿಯ ಜೊತೆಗೆ ಹೆಸರುಕಾಳಿನ ಪಲ್ಯ, ಪುಂಡಿಪಲ್ಯ, ಹಸಿ ಮೆಂತ್ಯ ಮತ್ತು ಉಳ್ಳಾಗಡ್ಡಿ ತಪ್ಪಲಿನ ಪಚಡಿ, ಶೇಂಗಾ ಚಟ್ನಿಪುಡಿ, ಮೊಸರು. ಅದರಲ್ಲಿ ಬದಲಿಸಬೇಕಾದದ್ದು ರೊಟ್ಟಿಯ ಸಂಖ್ಯೆ ಮಾತ್ರ, ಮತ್ತೆ ಕೊನೆಯಲ್ಲಿ ಬರುವ ಅನ್ನ. ತಿನ್ನುವ ಕ್ರಮವೂ ಮುಖ್ಯ. ಪಚಡಿ, ಕೋಸಂಬರಿ, ಪಲ್ಯ, ಕಾಳುಗಳನ್ನು ಮೊದಲು ತಿಂದು ಧಾನ್ಯವನ್ನು ಕೊನೆಗೆ ಉಳಿಸಿಕೊಂಡರೆ ಅಷ್ಟೇ ಊಟಕ್ಕೆ ಶುಗರ್ ಕಡಿಮೆ ಏರುತ್ತದೆ.

ಎರಡನ್ನೂ ಒಂದೇ ಗಂಟೆಗೆ ತರುವುದು

ಉಂಡು ನೂರಡಿ ಇಡಬೇಕೆಂದು ಹಿರಿಯರು ಹೇಳುತ್ತಿದ್ದರು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಎರಡನೇ ಬಗೆಯ ಮಧುಮೇಹವಿದ್ದ 41 ಜನರಲ್ಲಿ ಇದನ್ನೇ ಪರೀಕ್ಷಿಸಿದರು. ದಿನಕ್ಕೊಮ್ಮೆ ಯಾವಾಗಲಾದರೂ ಮೂವತ್ತು ನಿಮಿಷ ನಡೆಯುವುದು, ಇಲ್ಲವೇ ಮೂರು ಊಟಗಳ ನಂತರ ಹತ್ತು ಹತ್ತು ನಿಮಿಷ ನಡೆಯುವುದು. ಒಟ್ಟು ನಡಿಗೆ ಅಷ್ಟೇ ಇದ್ದರೂ ಊಟದ ನಂತರ ನಡೆದಾಗ ಊಟೋತ್ತರ ಶುಗರ್ ಸರಾಸರಿ ಶೇಕಡಾ 12 ಕಡಿಮೆಯಿತ್ತು. ರಾತ್ರಿಯೂಟದ ನಂತರವಂತೂ ಶೇಕಡಾ 22.

ರಾತ್ರಿ ನಾವು ಹೆಚ್ಚು ಪಿಷ್ಟ ತಿಂದು ಕೂಡಲೇ ಕುಳಿತುಬಿಡುತ್ತೇವೆ. ಉಂಡ ಕಾಲು ಗಂಟೆಯ ನಂತರ ಹೊರಟು ಹದಿನೈದು ನಿಮಿಷ ಬೀದಿಯಲ್ಲಿ, ಮಾಳಿಗೆಯ ಮೇಲೆ, ಮಳೆಯಿದ್ದರೆ ಮನೆಯೊಳಗೇ ನಡೆದರೆ, ಗ್ಲೂಕೋಸ್ ರಕ್ತಕ್ಕೆ ಇಳಿಯುವ ಹೊತ್ತಿಗೇ ಸ್ನಾಯುವಿನ ಬಾಗಿಲು ತೆರೆದಿರುತ್ತದೆ. ಕಂಪ್ಯೂಟರಿನ ಮುಂದೆ ಕೂರುವವರು ಅರ್ಧ ಗಂಟೆಗೊಮ್ಮೆ ಎದ್ದು ಎರಡು ಮೂರು ನಿಮಿಷ ಓಡಾಡುವುದರಿಂದಲೂ ಲಾಭವಿದೆ.

ಒಂದು ಎಚ್ಚರಿಕೆಯ ಮಾತು: ಮೆಟ್ಟಿಲು ಓಡಿ ಹತ್ತುವ, ಭಾರ ಎತ್ತುವ ಬಿರುಸಿನ ವ್ಯಾಯಾಮ ಮುಗಿದ ಕೂಡಲೇ ಅಳೆದರೆ ಶುಗರ್ ಏರಿರಬಹುದು. ಅಡ್ರಿನಾಲಿನ್ ಯಕೃತ್ತಿನಿಂದ ಗ್ಲೂಕೋಸ್ ಹೊರಡಿಸುವುದೇ ಇದರ ಕಾರಣ. ಅದು ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಅದನ್ನು ನೋಡಿ ವ್ಯಾಯಾಮ ಬಿಡಬೇಡಿ.

ಮಾತ್ರೆ ನುಂಗುವವರು ಇದನ್ನು ಓದದೆ ಶುರುಮಾಡಬಾರದು

ಊಟ ಮತ್ತು ವ್ಯಾಯಾಮಗಳ ಜೋಡಿಗೆ ಬಲವಿರುವುದರಿಂದಲೇ ಅಪಾಯವೂ ಇದೆ. ಹಳೆಯ ಊಟಕ್ಕೆ ಹೊಂದಿಸಿ ಬರೆದುಕೊಟ್ಟ ಔಷಧಿಯ ಪ್ರಮಾಣ ಹೊಸ ಊಟಕ್ಕೆ ಹೆಚ್ಚಾಗುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಗುಂಪಿನ ಮಾತ್ರೆ ನುಂಗುವವರಿಗೆ ಶುಗರ್ ಅಪಾಯಕರ ಮಟ್ಟಕ್ಕೆ ಇಳಿಯಬಹುದು. ಮಾತ್ರೆಯ ಪೊಟ್ಟಣ ತೆಗೆದುಕೊಂಡು ಹೋಗಿ, ನಾನು ಅನ್ನ ಅರ್ಧ ಮಾಡುತ್ತಿದ್ದೇನೆ, ದಿನವೂ ನಡೆಯುತ್ತೇನೆ, ಪ್ರಮಾಣ ಬದಲಿಸಬೇಕೇ ಎಂದು ವೈದ್ಯರನ್ನು ಮೊದಲೇ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಲೋ ಶುಗರ್ ಭಯ ಬಹಳ ಕಡಿಮೆ. ತೂಕ ಇಳಿದಂತೆ ರಕ್ತದೊತ್ತಡದ ಮಾತ್ರೆಯ ಪ್ರಮಾಣವನ್ನೂ ನೋಡಿಸಬೇಕಾಗುತ್ತದೆ.

ಮೈ ನಡುಕ, ಬೆವರು, ಎದೆ ಡವಗುಟ್ಟುವುದು, ಇದ್ದಕ್ಕಿದ್ದಂತೆ ಸಿಡುಕು ಅಥವಾ ಮಂಕು ಕಂಡರೆ ಅಳೆದು ನೋಡಿ. ಎಪ್ಪತ್ತಕ್ಕಿಂತ ಕಡಿಮೆಯಿದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆಯಬೇಕು. ಇನ್ಸುಲಿನ್ ಅಥವಾ ಶುಗರ್ ಹೀಗೆ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ನಡಿಗೆಗೆ ಹೊರಡುವಾಗ ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇರಲೇಬೇಕು. ಸಂಜೆ ಹೆಚ್ಚು ದುಡಿದ ದಿನ ನಡುರಾತ್ರಿಯಲ್ಲೂ ಶುಗರ್ ಇಳಿಯಬಹುದು. ಸ್ನಾಯು ಆಗಲೂ ಕಣಜ ತುಂಬಿಕೊಳ್ಳುತ್ತಿರುತ್ತದೆ.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುತ್ತವೆ. ಇವುಗಳನ್ನು ನುಂಗುತ್ತ ಕೀಟೋದಂಥ ಕಠಿಣ ಪಥ್ಯ ಅಥವಾ ದೀರ್ಘ ಉಪವಾಸ ಮಾಡಿದರೆ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಬರಬಹುದು. ಆಗ ಶುಗರ್ ಅಂಕಿ ಹೆಚ್ಚೇನೂ ಇರದಿರುವುದರಿಂದ ಮನೆಯವರು ಮೋಸಹೋಗುತ್ತಾರೆ. ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು ಕಂಡರೆ ಅಂಕಿಯನ್ನು ನಂಬಿ ಕೂರದೆ ಆಸ್ಪತ್ರೆಗೆ ಧಾವಿಸಬೇಕು. ಒಂದನೇ ಬಗೆಯ ಮಧುಮೇಹ ಇರುವವರು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು ಈ ಲೇಖನದ ಅಳತೆಗಳನ್ನು ತಮಗೆ ಅನ್ವಯಿಸಿಕೊಳ್ಳದೆ ವೈದ್ಯರ ಮಾತಿನಂತೆ ನಡೆಯಬೇಕು. ಕಣ್ಣಿನ ಅಕ್ಷಿಪಟಲದಲ್ಲಿ ರಕ್ತಸ್ರಾವದ ಭಯವಿದ್ದರೆ ಭಾರ ಎತ್ತಬಾರದು. ಪಾದ ಜೋಮು ಹಿಡಿದಿದ್ದರೆ ಬರಿಗಾಲಲ್ಲಿ ನಡೆಯದೆ, ಪ್ರತಿದಿನ ಅಂಗಾಲು ನೋಡಿಕೊಳ್ಳಬೇಕು.

ಕಾಯಿಲೆ ಹೋಗುತ್ತದೆಯೇ

ಮಾತ್ರೆಯಿಲ್ಲದೆ ಕನಿಷ್ಠ ಮೂರು ತಿಂಗಳು ಎಚ್‌ಬಿಎ1ಸಿ 6.5ಕ್ಕಿಂತ ಕೆಳಗಿದ್ದರೆ ತಜ್ಞರು ಅದನ್ನು ಉಪಶಮನ ಎನ್ನುತ್ತಾರೆ. ಗುಣವಾಯಿತು ಎನ್ನುವುದಿಲ್ಲ. ಬ್ರಿಟನ್ನಿನಲ್ಲಿ ಮೈಕ್ ಲೀನ್ ಮತ್ತು ರಾಯ್ ಟೇಲರ್ ನಡೆಸಿದ, 2017ರಲ್ಲಿ ಪ್ರಕಟವಾದ ಡೈರೆಕ್ಟ್ ಎಂಬ ಪ್ರಯೋಗದಲ್ಲಿ, ಮಧುಮೇಹ ಬಂದು ಆರು ವರ್ಷ ಮೀರದವರು ದಿನಕ್ಕೆ ಎಂಟುನೂರು ಚಿಲ್ಲರೆ ಕಿಲೋಕ್ಯಾಲರಿಯ ದ್ರವಾಹಾರದ ಪಥ್ಯ ಮಾಡಿದರು. ವರ್ಷದ ಕೊನೆಗೆ ಶೇಕಡಾ 46 ಜನರಲ್ಲಿ ಉಪಶಮನ ಕಂಡಿತು. ಅಲ್ಲಿ ಕೆಲಸ ಮಾಡಿದ್ದು ಪಿಷ್ಟದ ಕಡಿತಕ್ಕಿಂತ ತೂಕದ ಇಳಿಕೆ, ಅಂದರೆ ಯಕೃತ್ತು ಮತ್ತು ಮೇದೋಜೀರಕ ಗ್ರಂಥಿಯಲ್ಲಿ ಸೇರಿದ್ದ ಕೊಬ್ಬು ಕರಗಿದ್ದು. ಹಾಗಾಗಿ ಅನ್ನ ಬಿಟ್ಟು ಆ ಜಾಗಕ್ಕೆ ಕರಿದ ತಿಂಡಿ, ಬೆಣ್ಣೆ ತುಪ್ಪ ಮಿತಿಮೀರಿ ತುಂಬುವ ಕಡಿಮೆ ಪಿಷ್ಟದ ಪಥ್ಯವನ್ನು ನಾನು ಒಪ್ಪುವುದಿಲ್ಲ. ಕಾಯಿಲೆ ಎಷ್ಟು ಹೊಸದೋ ಉಪಶಮನದ ಸಾಧ್ಯತೆ ಅಷ್ಟು ಹೆಚ್ಚು. ಹದಿನೈದು ವರ್ಷ ಹಳೆಯ ಮಧುಮೇಹಿಗೆ ಮಾತ್ರೆ ಬಿಡಲಾಗದಿರಬಹುದು. ಆದರೂ ಸರಾಸರಿ 9ರಿಂದ 7ಕ್ಕೆ ಇಳಿದರೆ ಕಣ್ಣು, ಮೂತ್ರಪಿಂಡ, ಪಾದಗಳ ಮೇಲಿನ ಹೊರೆ ಬಹಳ ಇಳಿಯುತ್ತದೆ.

ಇದನ್ನೆಲ್ಲ ನಂಬಲು ನನ್ನ ಮಾತು ಬೇಕಿಲ್ಲ, ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಸಾಕು. ವೈದ್ಯರೊಂದಿಗೆ ಮಾತ್ರೆಯ ವಿಷಯ ಮಾತಾಡಿಕೊಂಡ ಮೇಲೆ ಮೂರು ದಿನ ಹೀಗೆ ಮಾಡಿ. ಮೊದಲ ದಿನ ರಾತ್ರಿ ಎಂದಿನಂತೆ ಉಂಡು, ಮೊದಲ ತುತ್ತಿನಿಂದ ಲೆಕ್ಕ ಹಾಕಿ ಎರಡು ಗಂಟೆಗೆ ಅಳೆಯಿರಿ. ಎರಡನೇ ದಿನ ಅನ್ನ ಅಥವಾ ಮುದ್ದೆಯನ್ನು ಅರ್ಧ ಮಾಡಿ, ಆ ಜಾಗಕ್ಕೆ ಕಾಳಿನ ಪಲ್ಯ ಬಡಿಸಿಕೊಂಡು ಅಳೆಯಿರಿ. ಮೂರನೇ ದಿನ ಎರಡನೇ ದಿನದ ಊಟವನ್ನೇ ಉಂಡು, ಹದಿನೈದು ನಿಮಿಷ ನಡೆದು ಬಂದು, ಅದೇ ಎರಡು ಗಂಟೆಗೆ ಅಳೆಯಿರಿ. ಪ್ರತಿದಿನ ಊಟಕ್ಕೆ ಮುಂಚಿನ ಅಂಕಿಯನ್ನೂ ಪಕ್ಕದಲ್ಲಿ ಬರೆಯಿರಿ, ಏಕೆಂದರೆ ನೋಡಬೇಕಾದದ್ದು ಎಷ್ಟು ಏರಿತು ಎಂಬುದನ್ನು. ಅಡುಗೆಮನೆಯ ಕ್ಯಾಲೆಂಡರಿನ ಮೇಲೆಯೇ ಬರೆದಿಡಿ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಹಾಳೆಯನ್ನೇ ಹರಿದುಕೊಂಡು ಹೋಗಿ ತೋರಿಸಿ.